ಗಡ್ಡಪ್ಪನ ಕೊರಳಪಟ್ಟಿ

ಕೊರಳಪಟ್ಟಿ ಸಿಕ್ಕಿದ್ದು ಮುಖ್ಯರಸ್ತೆಯ ಚರಂಡಿಯ ಪಕ್ಕ. ಅದರ ಮೇಲೆ ಕೆಂಪು ಕಲೆ. ನಾಯಿ ಇಲ್ಲ.

ಬೆಳಿಗ್ಗೆ ವಾಕಿಂಗ್ ಹೊರಟಿದ್ದ ಅಜ್ಜ ಅದನ್ನು ಎತ್ತಿಕೊಂಡು ನೇರ ಪಕ್ಕದ ಮನೆಯ ದರ್ಜಿಯ ಬಾಗಿಲಿಗೆ ಹೋದರು. ಅವರ ಕೂಗಾಟ ಕೇಳಲಾರದೆ ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಇನ್‌ಸ್ಪೆಕ್ಟರ್ ಮೇಡಂ ಬಂದಾಗ ಇಬ್ಬರು ಮುದುಕರೂ ಒಬ್ಬರ ಅಂಗಿ ಇನ್ನೊಬ್ಬರು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು.

"ಇವನೇ ಮೇಡಂ! ಗಡ್ಡಪ್ಪನ್ನ ಒಂದಿನ ಮುಗಿಸ್ತೀನಿ ಅಂತ ಬೀದಿಗೆಲ್ಲ ಕೇಳೋ ಹಾಗೆ ಹೇಳಿದ್ದ."

"ಹೇಳಿದ್ದೆ. ನಾನು ಮಷಿನ್ ತುಳಿದ್ರೆ ಸಾಕು, ಆ ನಾಯಿ ಬೊಗಳುತ್ತೆ. ಸಿಟ್ಟಲ್ಲಿ ಬಾಯಿಗೆ ಬಂದದ್ದು. ನನ್ನ ಅಳಿಯನಿಗೂ ದಿನಾ ಹಾಗೇ ಹೇಳ್ತೀನಿ, ಅವನೇನು ಸತ್ತನಾ?"

ದಫೇದಾರ ಆಕಳಿಸಿದ. "ಲಾರಿ ಹೊಡೆದಿರ್ಬೇಕು ಮೇಡಂ. ಕಸದ ಗಾಡಿಯವರು ಎತ್ಕೊಂಡು ಹೋಗಿರ್ತಾರೆ."

ಮೇಡಂ ಕೊರಳಪಟ್ಟಿಯನ್ನು ತಿರುಗಿಸಿ ನೋಡಿದರು. ಚೀಲಕ್ಕೆ ಹಾಕಿಕೊಂಡರು.

*

ಅಜ್ಜನ ಮನೆಯೊಳಗೆ ಗಪ್‌ಚುಪ್. ಟೀವಿಗೆ ಬಟ್ಟೆ ಹೊದಿಸಿತ್ತು. ಕರೆಗಂಟೆಯ ವೈರ್ ಕಿತ್ತು ಹಾಕಿತ್ತು. ಅಜ್ಜನ ಮಗಳು ತುದಿಗಾಲಲ್ಲೇ ಬಂದರು.

"ಸ್ವಲ್ಪ ಮೆಲ್ಲಗೆ ಮಾತಾಡಿ ಮೇಡಂ. ಇವತ್ತು ಸಂಜೆ ನಮ್ಮ ಹುಡುಗಿಗೆ ಇಂಟರ್‌ವ್ಯೂ. ಪ್ರಬಂಧ ನಿನ್ನೆ ರಾತ್ರಿ ಕಳಿಸಿದ್ಲು, ಅದನ್ನ ಓದ್ಕೊಂಡು ವಿಶ್ವವಿದ್ಯಾಲಯದವರು ಮನೆಗೇ ಬರ್ತಾರೆ. ನೂರು ಜನ ಅರ್ಜಿ ಹಾಕಿದ್ರೆ ನಾಲ್ಕು ಜನಕ್ಕೆ ಸೀಟು."

"ನಾಯಿ ಹೋಯ್ತಲ್ಲ?"

"ಬೇಜಾರಾಯ್ತು. ಆದ್ರೆ ಇವತ್ತೇ ಹೋಗ್ಬೇಕಿತ್ತಾ?"

ಹುಡುಗಿ ಮೇಜಿನ ಮುಂದೆ ಕೂತಿದ್ದಳು. ಪಿಯುಸಿ ಕೊನೆಯ ವರ್ಷ. ಗೋಡೆಯ ತುಂಬ ಪ್ರಮಾಣಪತ್ರಗಳು: ಚರ್ಚಾಸ್ಪರ್ಧೆ, ಈಜು, ಪ್ರಾಣಿಗಳ ಆಶ್ರಯಧಾಮದಲ್ಲಿ ಸೇವೆ. ಅವುಗಳ ನಡುವೆ ಅವಳ ಒಂದು ಫೋಟೊಗೂ ಜಾಗ ಇರಲಿಲ್ಲ.

"ನಾಯೀನ ಕೊನೇ ಸಲ ಯಾವಾಗ ನೋಡಿದೆಯಮ್ಮಾ?"

"ನಿನ್ನೆ," ಎಂದಳು. ಮುಖದಲ್ಲಿ ದುಃಖವೂ ಇರಲಿಲ್ಲ, ಭಯವೂ ಇರಲಿಲ್ಲ. ನಿದ್ದೆ ಮಾತ್ರ ಬಾಕಿ ಇತ್ತು.

ಅಡುಗೆಮನೆಯಲ್ಲಿ ಅಜ್ಜ ಗಡ್ಡಪ್ಪನ ತಟ್ಟೆ ತೊಳೆಯುತ್ತಿದ್ದರು. ಅದು ತೊಳೆದದ್ದೇ ಆಗಿತ್ತು. "ನಾಳೆಯಿಂದ ನಾನು ಯಾರ ಜೊತೆ ವಾಕಿಂಗ್ ಹೋಗ್ಲಿ ಮೇಡಂ? ಈ ಮನೇಲಿ ನನ್ನ ಹತ್ರ ಮಾತಾಡೋಕೆ ಟೈಮ್ ಇದ್ದದ್ದು ಅವನೊಬ್ಬನಿಗೇ. ಪಾಪ, ಕಾಲುನೋವು ಬೇರೆ. ಹಾಲಲ್ಲಿ ಹಾಕಿ ಮಾತ್ರೆ ಕೊಡ್ತಿದ್ದೆ."

"ಆ ಮಾತ್ರೆ ಎಲ್ಲಿದೆ?"

ಅಜ್ಜ ಕಪಾಟು ತೆರೆದರು. ಡಬ್ಬಿ ಇರಲಿಲ್ಲ.

*

ಪ್ರಾಣಿಗಳ ಆಶ್ರಯಧಾಮ ಊರ ಹೊರಗಿತ್ತು. ಮೂಲೆಯ ಗೂಡಿನಲ್ಲಿ ಮುದಿ ನಾಯಿಯೊಂದು ಕಂಬಳಿಯ ಮೇಲೆ ಮಲಗಿತ್ತು. ಗಲ್ಲದ ಕೆಳಗೆ ಬಿಳಿ ಗಡ್ಡ. ಪಕ್ಕದಲ್ಲೇ ಮಾತ್ರೆಯ ಡಬ್ಬಿ.

"ಮನೆ ಬದಲಾಯಿಸ್ತಿದೀವಿ, ಒಂದು ವಾರ ಇಟ್ಕೊಳ್ಳಿ ಅಂತ ಆ ಹುಡುಗಿ ನಿನ್ನೆ ಬಿಟ್ಟು ಹೋದ್ಲು," ಎಂದ ನೋಡಿಕೊಳ್ಳುವವನು. "ಮಾತ್ರೇನ ಹಾಲಲ್ಲೇ ಕೊಡಿ ಅಂತ ಮೂರು ಸಲ ಹೇಳಿದ್ಲು."

*

ಸಂಜೆ ಮೇಡಂ ನಾಯಿಯ ಕೊರಳಿಗೆ ಹಗ್ಗ ಕಟ್ಟಿ, ಜೀಪಿನಲ್ಲೇ ಬಿಟ್ಟು ಅಜ್ಜನ ಮನೆಯೊಳಗೆ ಬಂದರು. ಮನೆಯ ಮೂವರನ್ನೂ ಕೂರಿಸಿದರು.

"ಗಾಡಿ ಹೊಡೆದ್ರೆ ಪಟ್ಟಿ ಹರಿಯುತ್ತೆ, ಬಕಲ್ ನೀಟಾಗಿ ಬಿಚ್ಕೊಳಲ್ಲ. ಒಣಗಿದ ರಕ್ತ ಕಂದಾಗುತ್ತೆ. ಇದು ಇನ್ನೂ ಕೆಂಪಗಿದೆ, ಪೋಸ್ಟರ್ ಬಣ್ಣ. ನಾಯೀನ ಸಾಯಿಸೋರು ಅದರ ಕಾಲುನೋವಿನ ಮಾತ್ರೆ ಒಯ್ಯಲ್ಲ. ಒಯ್ದವರು ಮನೆಯವರೇ. ಮನೆಯವರಲ್ಲಿ ನಾಯಿ ಬಚ್ಚಿಡೋ ಜಾಗ ಯಾರಿಗೆ ಗೊತ್ತು ಅಂತ ಗೋಡೆ ಮೇಲಿನ ಪ್ರಮಾಣಪತ್ರಾನೇ ಹೇಳ್ತು. ಯಾಕಮ್ಮಾ?"

ಹುಡುಗಿ ಪಾಠ ಒಪ್ಪಿಸುವಂತೆ ಹೇಳಿದಳು.

"ಅರ್ಜಿ ತಿದ್ದೋ ಸರ್, ನಿನ್ನ ಪ್ರಬಂಧದಲ್ಲಿ ನೋವೇ ಇಲ್ಲ ಅಂದ್ರು. ಮಾರ್ಕ್ಸ್ ಎಲ್ಲರಿಗೂ ಇರುತ್ತೆ, ಯಾರನ್ನಾದ್ರೂ ಕಳ್ಕೊಂಡಿದ್ರೆ ಬರೀ ಅಂದ್ರು. ಅಜ್ಜ ಸತ್ರು ಅಂತ ಬರೆದ್ರೂ ನಡೆಯುತ್ತೆ ಅಂದ್ರು. ಅದು ಆಗಲ್ಲ ಅಂದೆ. ಗಡ್ಡಪ್ಪನ್ನ ಬರೆದೆ."

"ಬರೆದು ಸುಮ್ನಿರಬಹುದಿತ್ತಲ್ಲ?"

"ಬಂದವರು ಮನೆಯವರನ್ನೂ ಕೇಳ್ತಾರೆ. ಅಜ್ಜನಿಗೆ ಸುಳ್ಳು ಹೇಳೋಕೆ ಬರಲ್ಲ. ಅದಕ್ಕೆ ಗಡ್ಡಪ್ಪ ಸತ್ತ ಅಂತ ಅಜ್ಜ ನಿಜವಾಗ್ಲೂ ನಂಬಬೇಕಿತ್ತು."

ತಾಯಿ ಬಾಯಿ ಮೇಲೆ ಕೈ ಇಟ್ಟುಕೊಂಡರು. ಅಜ್ಜ ಮೊಮ್ಮಗಳ ಕಡೆ ತಿರುಗಿದರು.

"ಬರೀವಾಗ ಅಳು ಬಂತಾ ಪುಟ್ಟಿ?"

"ಇಲ್ಲ ಅಜ್ಜ. ಅಳೋದು ಎರಡನೇ ಪ್ಯಾರಾದಲ್ಲಿದೆ."

ಗೇಟು ಕಿರುಗುಟ್ಟಿತು. ಫೈಲು ಹಿಡಿದ ಹೆಂಗಸೊಬ್ಬರು ಬಾಗಿಲಲ್ಲಿ ನಿಂತರು, ಇಂಟರ್‌ವ್ಯೂಗೆ ಬಂದವರು. ಅವರ ಕಾಲಸಂದಿಯಲ್ಲೇ ನುಸುಳಿ, ಜೀಪಿನಿಂದ ತಪ್ಪಿಸಿಕೊಂಡ ಗಡ್ಡಪ್ಪ ಕುಂಟುತ್ತ ಬಂದು ಅಜ್ಜನ ಪಾದದ ಮೇಲೆ ತಲೆ ಇಟ್ಟ.

"ಅಯ್ಯೋ, ನಾಯಿ?" ಎಂದರು ಬಂದವರು. "ಪ್ರಬಂಧದಲ್ಲಿ..."

ಮೇಡಂ ಹುಡುಗಿಯ ಕಡೆ ನೋಡಿದರು. ಉತ್ತರ ಹೇಳಬೇಕಾದದ್ದು ಅವರಲ್ಲ.

ಅಜ್ಜ ಬಗ್ಗಿ ಗಡ್ಡಪ್ಪನ ಬೆನ್ನು ಒಮ್ಮೆ ಸವರಿದರು. ಹಗ್ಗ ಎತ್ತಿ ಮೇಡಂ ಕೈಗೆ ಕೊಟ್ಟರು.

"ಇದು ಇನ್‌ಸ್ಪೆಕ್ಟರ್ ಮೇಡಂ ಅವರ ನಾಯಿ," ಎಂದರು. "ನಮ್ಮದು ಸತ್ತುಹೋಯ್ತು."

ಮೇಡಂ ಹಗ್ಗ ಎಳೆದರು. ಗಡ್ಡಪ್ಪ ಏಳಲಿಲ್ಲ. ಆಗ ಹುಡುಗಿ ಮುಖ ಮುಚ್ಚಿಕೊಂಡು, ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಬಂದವರು ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸಿ, ಫೈಲು ತೆರೆದು, ಏನೋ ಒಳ್ಳೆಯದನ್ನೇ ಬರೆದುಕೊಂಡರು.