ಒಗೆಯುವ ಕಲ್ಲಿನ ಪಾಚಿ

ಏಪ್ರಿಲ್ ಒಂಬತ್ತರ ಬೆಳಿಗ್ಗೆ ಮಾಚೇನಹಳ್ಳಿ ಕೆರೆಯ ಮೀನು ಗುತ್ತಿಗೆದಾರ ಕರಿಯಣ್ಣ ಠಾಣೆಗೆ ಬಂದವನೇ ಇನ್‌ಸ್ಪೆಕ್ಟರ್ ತನುಜಾಳ ಮೇಜಿನ ಮೇಲೆ ಸತ್ತ ಮೀನುಮರಿಗಳ ಪೊಟ್ಟಣ ಬಿಚ್ಚಿಟ್ಟ.

“ಪೈಪ್ ಫ್ಯಾಕ್ಟ್ರಿ ಚರಂಡಿ ನೀರೇ ಮೇಡಂ. ಬರ್ಕೊಳ್ಳಿ.”

ಎಫ್‌ಐಆರ್ ದಾಖಲಾಯಿತು. ಪಂಚನಾಮೆಗೆಂದು ಕಾನ್‌ಸ್ಟೇಬಲ್ ದುಶ್ಯಂತ್ ಖಾಲಿ ನೀರಿನ ಬಾಟಲಿ ಹಿಡಿದು ಕೆರೆಗಿಳಿದಾಗ ಜೊತೆಗೆ ಬಂದಿದ್ದ ಪ್ರಯೋಗಾಲಯದ ಲಿಖಿತಾ ಕೂಗಿಕೊಂಡಳು.

“ಪ್ಲಾಸ್ಟಿಕ್ ಬೇಡ ಸಾರ್, ಗಾಜಿನ ಸೀಸೆ ತಗೊಳ್ಳಿ! ಪೈಪ್ ಮೆತ್ತಗಾಗ್ಲಿ ಅಂತ ಹಾಕೋ ಎಣ್ಣೆ ನಾವು ಹುಡುಕ್ತಿರೋದು, ಬಾಟ್ಲಿ ಪ್ಲಾಸ್ಟಿಕ್ಕಲ್ಲೂ ಅದಿರಬಹುದು. ಅದು ನೀರಲ್ಲಿ ನಿಲ್ಲಲ್ಲ, ಪಾಚಿಗೆ ಹತ್ಕೊಳ್ಳತ್ತೆ.”

ಕಾಲು ಜಾರಿಸುವ ಪಾಚಿಯೂ ಸಾಕ್ಷಿ ಹೇಳುತ್ತದೆಯೇ? ತನುಜಾಗೆ ಕುತೂಹಲ ಹತ್ತಿತು. ಕೆರೆಯ ಸುತ್ತ ನಾಲ್ಕು ಕಡೆ ಪಾಚಿ ತೆಗೆಸಿ ಮೊಹರು ಹಾಕಿಸಿದಳು.

ಸಂಜೆ ಗೋಪಾಳ ಬಡಾವಣೆಯ ಮನೆಗೆ ಬಂದ ತನುಜಾಗೆ ತಾಯಿ ವೀರಮ್ಮ ಹೊಸ ನೀಲಿ ಕ್ಯಾನಿನಿಂದ ನೀರು ಬಗ್ಗಿಸಿಕೊಟ್ಟರು. “ಪಕ್ಕದ್ಮನೆ ಕರಿಬಸಮ್ಮ ತರಿಸ್ಕೊಟ್ಲು ಕಣೇ. ಯಾರೋ ಪುಣ್ಯಾತ್ಮ, ಒಳಗೆ ಬೆಲ್ಲ ಬೇರೆ ಇಟ್ಟು ಕಳ್ಸಿದ್ದ.”

ಏಪ್ರಿಲ್ ಹದಿನೆಂಟಕ್ಕೆ ಪ್ರಯೋಗಾಲಯದ ವರದಿ ಬಂತು. ಚರಂಡಿ ಬಾಯಿಯ ಪಾಚಿಯಲ್ಲಿ ಎಣ್ಣೆ ಇಲ್ಲವೆನ್ನುವಷ್ಟು ಕಡಿಮೆ. ಆಚೆ ದಡದ ಬಟ್ಟೆ ಒಗೆಯುವ ಕಲ್ಲಿನ ಪಾಚಿಯಲ್ಲಿ ವಿಪರೀತ. ಆ ಕಲ್ಲಿನ ಸಂದಿಯಲ್ಲಿ ಬೂದಿ, ತೆಂಗಿನ ನಾರು, ‘ಅಪಾಯ’ ಎಂದಿದ್ದ ಲೇಬಲ್ಲಿನ ಚೂರು ಸಿಕ್ಕವು.

“ಆ ಎಣ್ಣೆ ಕ್ಯಾನಲ್ಲೇ ಬರೋದು,” ಎಂದ ಫ್ಯಾಕ್ಟರಿ ಮಾಲೀಕ ವೀರೇಂದ್ರ. “ಖಾಲಿ ಕ್ಯಾನ್ ನಾಶ ಮಾಡಕ್ಕೆ ಕಳಿಸ್ಬೇಕು. ಸ್ಟೋರಿನ ಗೋವಿಂದಯ್ಯ ನೋಡ್ಕೋತಾರೆ.”

ಗೋವಿಂದಯ್ಯ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಆಸಾಮಿಯಲ್ಲ, ಏನೂ ಗೊತ್ತಿಲ್ಲವೆಂದ. ಬಿಸಿಲಿಗೆ ದುಶ್ಯಂತ್ ತನ್ನ ಡಬ್ಬಿಯ ಮಜ್ಜಿಗೆಯನ್ನು ಅವನಿಗೂ ಕೊಟ್ಟ. ಕುಡಿದವನು ಡಬ್ಬಿ ತೊಳೆದು, ಒಂದು ಚೂರು ಬೆಲ್ಲ ಹಾಕಿ ಹಿಂದಿರುಗಿಸಿದ. “ಬರೀ ಪಾತ್ರೆ ಕೊಡಬಾರ್ದು ಸಾರ್.”

ತನುಜಾಗೆ ಮನೆಯ ನೀಲಿ ಕ್ಯಾನಿನೊಳಗೆ ಬಂದಿದ್ದ ಬೆಲ್ಲ ನೆನಪಾಯಿತು.

“ಕ್ಯಾನ್ ಯಾರಿಗೆ ಕೊಟ್ರಿ?”

“ಕೇಳಿದೋರಿಗೆಲ್ಲ. ಭದ್ರಾವತಿಗೂ ಹೋಗಿದಾವೆ. ಬೂದಿ ಹಾಕಿ ಉಜ್ಜಿ, ವಾಸನೆ ಹೋಗೋವರ್ಗೂ ತೊಳೆದೇ ಕೊಟ್ಟಿದೀನಿ.”

“ಲೇಬಲ್ ಯಾಕೆ ಕಿತ್ರಿ?”

“ಓದಿದ್ರೆ ಬೇಡ ಅಂತಿದ್ರು.”

ಮಧ್ಯಾಹ್ನ ಮೂರಕ್ಕೆ ದಸ್ತಗಿರಿಯಾಯಿತು. ಅವನು ಯಾರಿಂದಲೂ ಬಿಡಿಗಾಸು ಪಡೆದಿರಲಿಲ್ಲ. “ಇಷ್ಟು ವರ್ಷ ಯಾರೂ ನನ್ನ ಏನೂ ಕೇಳಿರ್ಲಿಲ್ಲ ಮೇಡಂ. ಈಗ ಬಾಗಿಲಿಗೆ ಬಂದು ‘ಗೋವಿಂದಯ್ಯನೋರೇ’ ಅಂತಿದ್ರು.”

ಜೀಪಿನಲ್ಲಿ ತನುಜಾ ಮನೆಗೆ ಫೋನ್ ಮಾಡಿದಳು. “ಅಮ್ಮಾ, ಆ ನೀಲಿ ಕ್ಯಾನಿನ ನೀರು ಕುಡೀಬೇಡ.”

“ಈಗ್ತಾನೆ ಒಂದು ಲೋಟ ಕುಡ್ದೆ. ಯಾಕೇ?”

ವೀರಮ್ಮನ ದನಿ ಹಿಂದಿನ ಸೀಟಿಗೂ ಕೇಳಿಸಿತು. ಗೋವಿಂದಯ್ಯ ಮುಖ ಮುಚ್ಚಿಕೊಂಡ. ಆಮೇಲೆ ಯಾರೂ ಕೇಳದಿದ್ದರೂ ಕ್ಯಾನ್ ಕೊಟ್ಟ ಒಂದೊಂದೇ ಮನೆಯ ಹೆಸರು ಹೇಳತೊಡಗಿದ. ಠಾಣೆ ಬಂದರೂ ಅದು ಮುಗಿದಿರಲಿಲ್ಲ.