ಬೀಗದ ಕೋಣೆಯ ಆರನೆಯವಳು

ನೀಲಗಿರಿಯಲ್ಲಿ ನನ್ನಷ್ಟು ಸಮವಾಗಿ ಬಯಾಸ್ಕೋಪಿನ ಹ್ಯಾಂಡಲ್ ತಿರುಗಿಸುವವನು ಇನ್ನೊಬ್ಬನಿರಲಿಲ್ಲ. ಈಗಲೂ ಎದೆತಟ್ಟಿ ಹೇಳುತ್ತೇನೆ.

೧೯೧೨ರಲ್ಲಿ ಗೂಡಲೂರಿನ ಡೇರೆಯಲ್ಲಿ, ರಾತ್ರಿಯ ಆಟಕ್ಕೆ, ಫ್ರಾನ್ಸಿನ ಹಳೆಯ ಕಥೆಯ ಚಿತ್ರವೊಂದನ್ನು ಹಾಕಿದ್ದೆ. ಗಂಡ ತೆರೆಯಬೇಡವೆಂದ ಕೋಣೆಯ ಬೀಗವನ್ನು ಹೊಸ ಹೆಂಡತಿ ತೆಗೆಯುತ್ತಾಳೆ. ಒಳಗೆ ಅವನು ಕೊಂದ ಐವರು ಹೆಂಡಿರು ನೇತಾಡುತ್ತಿರುತ್ತಾರೆ. ನೂರು ಸಲ ತೋರಿಸಿದ ಚಿತ್ರ. ಅಂದು ಆ ಬಾಗಿಲು ತೆರೆದಾಗ ನನ್ನ ಕೈಯಲ್ಲಿದ್ದ ಹ್ಯಾಂಡಲ್ ಮಂಜುಗಡ್ಡೆಯಂತಾಯಿತು. ಪರದೆಯ ಮೇಲೆ ಆರು ಜನ ನೇತಾಡುತ್ತಿದ್ದರು. ಆರನೆಯವಳು ನಮ್ಮ ಕಡೆಯ ಸೀರೆಯಲ್ಲಿದ್ದಳು.

ಮುಂದೆ ಕೂತಿದ್ದ ದೇವೀರಮ್ಮ ಎಂಬ ಮುದುಕಿ ಎದ್ದಳು. "ಅವ್ಳು ನಮ್ಮಕ್ಕ ಕಣಪ್ಪ! ಮದ್ವೆಯಾಗಿ ಹೋದೋಳು ತಿರ್ಗಿ ಬರ್ಲೇ ಇಲ್ಲ. ವಸಿ ನಿಲ್ಸು, ಮೊಕ ನೋಡ್ತೀನಿ."

ನಿಲ್ಲಿಸಿದರೆ ದೀಪದ ಶಾಖಕ್ಕೆ ಫಿಲ್ಮು ಹೊತ್ತಿಕೊಳ್ಳುತ್ತದೆ. ಆದರೂ ಕೈ ತೆಗೆದೆ.

ಹ್ಯಾಂಡಲ್ ತಿರುಗುತ್ತಲೇ ಇತ್ತು, ನನಗಿಂತ ಸಮವಾಗಿ.