ಒಬ್ಬನೇ ಎತ್ತುವ ಮಣೆ

"ಕೈ ಬುಡೇ! ಸಿದ್ದೀ... ಈಚೆ ಬಾ!"

ಬಸವರಾಜು ಅವಳ ರಟ್ಟೆ ಹಿಡಿದು ಎಳೆದುಕೊಂಡ. ಮರುಕ್ಷಣವೇ, ಎತ್ತಿ ನಿಲ್ಲಿಸಿದ್ದ ಮೋಟಾರು ಸೈಕಲ್ಲು ಅವಳು ನಿಂತಿದ್ದ ಜಾಗಕ್ಕೆ ಧೊಪ್ಪನೆ ಉರುಳಿತು!

ಹುಣಸೂರಿನ ಗಾಡಿ ಮಾಡುವ ಅಂಕಯ್ಯನ ಮಗಳು ಚಿಕ್ಕಸಿದ್ದಮ್ಮ ನೆಲಕ್ಕೆ ಬಿದ್ದ ಊರುಗೋಲನ್ನು ನೋಡಿದಳು. ತಪ್ಪು ಅವಳದೇ. ಎತ್ತಿನಗಾಡಿಯ ಅಚ್ಚಿಗೆ ಕೊಡುವ ಒಂಟಿ ಊರುಗೋಲನ್ನೇ ಇದಕ್ಕೂ ಕೊಟ್ಟಿದ್ದಳು. ಗಾಡಿಯಾದರೆ ಇನ್ನೊಂದು ಚಕ್ರ ಪಕ್ಕದಲ್ಲಿ ನಿಂತು ಭಾರ ಹೊರುತ್ತದೆ. ಇದರ ಚಕ್ರಗಳೋ, ಒಂದರ ಹಿಂದೊಂದು!

ಬಸವರಾಜು ಮಿರ್ಲೆ ಕಡೆಯ ದೂರದ ನೆಂಟ, ಮರದ ಡಿಪೋದಲ್ಲಿ ಗುಮಾಸ್ತ. ತೋಟದ ದೊರೆಯೊಬ್ಬರಿಂದ ಕೊಂಡ ಈ ಹಳೇ ಸೈಕಲ್ಲನ್ನು ರಿಪೇರಿ ಮಾಡಲು ತಿಂಗಳಿಂದ ಇವರ ಅಂಗಳಕ್ಕೆ ಬರುತ್ತಿದ್ದ. ಬರಲಿ ಎಂದು ಅವಳೂ ಕಾಯುತ್ತಿದ್ದಳೆನ್ನಿ!

ಅಂದು ಅವನು ಅವಳ ಮುಖವನ್ನೇ ನೋಡಲಿಲ್ಲ. ಅಂಕಯ್ಯನಿಗೆ ಹೇಳಿದ:

"ಮಾವ, ಸೈಕಲ್ಲನ್ನ ನಾನೊಬ್ನೇ ಎತ್ತಿ ಇಟ್ಕೊಳ್ಳೋ ಅಂಗೆ ಒಂದು ಮಣೆ ಮಾಡ್ಕೊಡಿ. ಯಾರೂ ಹಿಡ್ಕೊಳ್ಳೋದು ಬ್ಯಾಡ."

ಒಬ್ಬನೇ!... ಹಾಗಾದರೆ ನಾನು ಬೇಡವೇ? ಬೇಡದವನು ಹಾಗೇಕೆ ಎಳೆದುಕೊಂಡ? ಕೋಪವೋ... ಮತ್ತೇನೋ... ಎರಡು ದಿನ ಅವಳಿಗೆ ತಲೆಬುಡ ತಿಳಿಯಲಿಲ್ಲ.

ಆದರೂ ಮಣೆಯನ್ನು ಅವಳೇ ನಿಂತು ಮಾಡಿಸಿದಳು. ಬುಡ ಅಗಲ, ಎತ್ತರ ಕಡಿಮೆ. ಮುಂದಿನ ಚಕ್ರ ಉರುಳದಂತೆ ಬೆಣೆ. ಸೈಕಲ್ಲನ್ನು ಎರಡು ಪಕ್ಕದ ಕಂಬಗಳಿಗೂ ಬಿಗಿಯಲು ಹಗ್ಗ.

ಬಸವರಾಜು ಬಂದ. ಅವಳು ಮುಖ ಊದಿಸಿಕೊಂಡೇ ಹೇಳಿದಳು:

"ತಗೊಳ್ಳಿ. ಗಟ್ಟಿ ನೆಲದ ಮ್ಯಾಲೇ ಇಡಿ. ಹಗ್ಗ ಬಿಗೀದೆ ಸನ್ನೆಕೋಲು ಹಾಕ್ಬ್ಯಾಡಿ. ಇನ್ನು ಒಬ್ರೇ ಎತ್ಕೋಬೋದು... ನಾನು ಬರಾಕಿಲ್ಲ ಬುಡಿ."

"ಬರಬ್ಯಾಡ ಅಂದೋರು ಯಾರು?"

"ನೀವೇ! ಯಾರೂ ಬ್ಯಾಡ ಅಂದ್ರಲ್ಲ?"

ಅವನು ತಬ್ಬಿಬ್ಬಾದ. ಹಗ್ಗ ಬಿಗಿದು, ಸನ್ನೆಕೋಲು ಒತ್ತಿ, ಮಣೆಯನ್ನು ಅಡಿಗೆ ತಳ್ಳಿದ. ಸೈಕಲ್ಲು ಅಲುಗದೆ ನಿಂತಿತು.

"ಅವತ್ತು ಇದ್ರ ಅಡೀಲಿ ನೀನು ಸಿಕ್ಕಿದ್ರೆ ನಾನೇನಾಗ್ತಿದ್ದೆ, ಸಿದ್ದಿ? ನೀನು ಅತ್ರ ಇರಬಾರ್ದು ಅಂತ ಅಂಗಂದೆ ಕಣೆ. ಬಾಳೋಕೂ ನಾನೊಬ್ನೇ ಸಾಕು ಅಂದ್ನಾ?"

ಅವಳ ಕಣ್ಣು ತುಂಬಿ ಬಂತು. ಅಯ್ಯೋ... ಇಷ್ಟು ಹೇಳಲು ಎರಡು ದಿನ ಬೇಕಾಯಿತೇ!

"ಮಾವನ್ನ ಕೇಳ್ಲಾ?" ಅವನು ಅವಳನ್ನೇ ನೋಡುತ್ತಾ ಕೇಳಿದ.

"ಮೊದ್ಲು ಅದನ್ನ ಇಳಿಸಿ. ಅದು ಮ್ಯಾಲಿರೋವಾಗ ನನ್ನ ನೋಡ್ಬ್ಯಾಡಿ..."

"ಇಳಿಸಿದ್ಮ್ಯಾಕೆ?"

"ಎಷ್ಟೊತ್ತು ಬೇಕಾದ್ರೂ ನೋಡ್ಕಳಿ!"